ಸೆರಗಿನ ಗಂಟಿನಲ್ಲಿ ಉಳಿದ ಮಾತು

ನಾಳೆ ಆಸ್ಪತ್ರೆಗೆ ಹೋಗಬೇಕು ಎಂದರೆ ನಮ್ಮವ್ವ ಹಿಂದಿನ ರಾತ್ರಿಯೇ ಡಾಕ್ಟರಿಗೆ ಹೇಳಬೇಕಾದದ್ದನ್ನೆಲ್ಲ ನಮ್ಮ ಮುಂದೆ ಒಮ್ಮೆ ಒಪ್ಪಿಸುತ್ತಿದ್ದಳು. ರೊಟ್ಟಿ ಬಡಿಯುತ್ತ ಬಡಿಯುತ್ತಲೇ ಹೇಳುವಳು: ತಲಿ ಸುತ್ತತೈತಿ, ಎದಿ ಡವಡವ ಅಂತೈತಿ, ನಾಕು ತಿಂಗಳಿಂದ ಮುಟ್ಟು ಹತ್ತು ದಿನಾದ್ರೂ ನಿಲ್ಲವಲ್ದು. ಮರುದಿನ ಮಧ್ಯಾಹ್ನ ಬಿಸಿಲಲ್ಲಿ ಬಸ್ಸಿಳಿದು ಬಂದು, ಸೆರಗಿನ ಗಂಟು ಬಿಚ್ಚಿ, ಉಳಿದ ಚಿಲ್ಲರೆಯ ಜೊತೆ ಮಡಿಚಿದ ಚೀಟಿ ತೆಗೆದು ಮೊಳೆಗೆ ಸಿಕ್ಕಿಸುವಳು. "ಎಲ್ಲಾ ಹೇಳಿದೇನವ್ವಾ?" ಎಂದು ಕೇಳಿದರೆ, "ಎಲ್ಲಿ ಹೇಳಾದು? ತಲಿ ಸುತ್ತತೈತಿ ಅನ್ನಾದ್ರಾಗ ಚೀಟಿ ಕೈಗೆ ಬಂತು" ಎನ್ನುವಳು. ತಲೆಸುತ್ತಿಗೆಂದು ಬರೆದ ಗುಳಿಗೆಯನ್ನು ಅವಳು ಎರಡು ವರ್ಷ ನುಂಗಿದಳು. ಮೈಯಲ್ಲಿ ರಕ್ತವೇ ಇಲ್ಲ ಎಂದು ಗೊತ್ತಾದದ್ದು ಆಮೇಲೆ, ಇನ್ನೊಂದು ಊರಿನಲ್ಲಿ. ಹೇಳಬೇಕೆಂದು ಇಟ್ಟುಕೊಂಡಿದ್ದ ಮೂರನೆಯ ಮಾತೇ ಮೊದಲ ಮಾತಾಗಬೇಕಿತ್ತು. ಗಂಡಸು ಡಾಕ್ಟರ ಎದುರು, ಹಿಂದೆ ಹತ್ತು ಜನ ಸಾಲಾಗಿ ನಿಂತಿರುವಾಗ, ಆ ಮಾತು ಅವಳ ಬಾಯಿಗೆ ಮೊದಲು ಬರುವಂತಿರಲಿಲ್ಲ.

ಇದು ನಮ್ಮ ಮನೆಯ ಕಥೆಯೊಂದೇ ಅಲ್ಲ ಎಂಬುದು ನಿಮಗೂ ಗೊತ್ತು. ನಿಮ್ಮ ಅಮ್ಮನೋ ಅತ್ತೆಯೋ ಹೀಗೆಯೇ ಅರ್ಧ ಮಾತು ನುಂಗಿಕೊಂಡು ಬಂದಿರಬಹುದು. ವೈದ್ಯರು ಮತ್ತು ರೋಗಿಗಳ ನಡುವಿನ ಮಾತಿಗೂ ಒಂದು ಚರಿತ್ರೆ ಇದೆಯಲ್ಲ ಎಂದು ನನಗೆ ಹೊಳೆದದ್ದು ವಯಸ್ಸಾದ ಮೇಲೆ. ನಮ್ಮ ಕಡೆಯ ಆ ಚರಿತ್ರೆಯಲ್ಲಿ ಒಂದು ಅಧ್ಯಾಯವಂತೂ ದೇಶಕ್ಕೇ ಮಾದರಿಯಾಯಿತು. ಅದು ನಡೆದ ಊರುಗಳವರಿಗೇ ಅದು ಗೊತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಕಡೆ ಎಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಇಂದು ಇವೆಲ್ಲ 2021ರಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆಯಲ್ಲಿವೆ. ನಾನು ಹೇಳುವ ಕಾಲಕ್ಕೆ ಎಲ್ಲವೂ ಬಳ್ಳಾರಿ ಜಿಲ್ಲೆ, ಕೊಟ್ಟೂರು ಇನ್ನೂ ಕೂಡ್ಲಿಗಿ ತಾಲ್ಲೂಕಿನ ಊರು. ಹರಪನಹಳ್ಳಿಯವರಂತೂ ಮನೆ ಬದಲಿಸದೆ ಜಿಲ್ಲೆ ಬದಲಿಸಿದವರು: 1997ರಲ್ಲಿ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, ಈಗ ವಿಜಯನಗರದವರು.

ಅದಕ್ಕೂ ಹಿಂದೆ ನಾವು ಮದ್ರಾಸಿನವರಾಗಿದ್ದೆವು. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯ ಸೇರುವವರೆಗೆ ಬಳ್ಳಾರಿ ಜಿಲ್ಲೆ ಮದ್ರಾಸು ಪ್ರಾಂತ್ಯದ ಒಂದು ಮೂಲೆ. ಆ ಕಾಲದ ಆಸ್ಪತ್ರೆಯ ಬಗ್ಗೆ ನಮ್ಮಜ್ಜಿ ಹೇಳುತ್ತಿದ್ದ ಕಥೆಯಲ್ಲಿ ಡಾಕ್ಟರಿಗಿಂತ ಕಾಂಪೌಂಡರನೇ ದೊಡ್ಡವನು. ಡಾಕ್ಟರದು ತಮಿಳು, ಅಜ್ಜಿಯದು ಕನ್ನಡ, ನಡುವೆ ಕಾಂಪೌಂಡರನ ತೆಲುಗು. ಅಜ್ಜಿ ಐದು ಮಾತು ಹೇಳಿದರೆ ಕಾಂಪೌಂಡರ ಒಂದು ಮಾತು ದಾಟಿಸುವನು. "ಹೊಟ್ಟ್ಯಾಗ ಸಂಕಟ ಅಂದ್ರ ಅವ್ನು ಹೊಟ್ಟಿನೋವು ಅಂತ ಹೇಳ್ದ. ಸಂಕಟಾನೂ ನೋವೂ ಒಂದೇನು?" ಎಂದು ಅಜ್ಜಿ ಎಂಬತ್ತರ ವಯಸ್ಸಿನಲ್ಲೂ ಸಿಟ್ಟು ಮಾಡುತ್ತಿದ್ದಳು. ಒಂದಲ್ಲ ಅಜ್ಜೀ, ನಿಜ. ನಮ್ಮ ಹೆಂಗಸರು ಸಂಕಟ ಎಂದಾಗ ಅದರಲ್ಲಿ ಹೊಟ್ಟೆಯೂ ಇರುತ್ತದೆ, ಮನೆಯೂ ಇರುತ್ತದೆ.

ಹೆಂಗಸರು ಗಂಡಸು ಡಾಕ್ಟರ ಎದುರು ಬಾಯಿ ಬಿಡುವುದಿಲ್ಲ ಎಂಬುದನ್ನು ಮದ್ರಾಸಿನಲ್ಲಿ ಬಹಳ ಹಿಂದೆಯೇ ಕಂಡುಕೊಂಡಿದ್ದರು. 1875ರಲ್ಲಿ ಅಲ್ಲಿಯ ಮೆಡಿಕಲ್ ಕಾಲೇಜು ನಾಲ್ವರು ಹೆಂಗಸರನ್ನು ಸೇರಿಸಿಕೊಂಡಿತು. ಅವರಲ್ಲಿ ಒಬ್ಬರಾದ ಮೇರಿ ಶಾರ್ಲೀಬ್ ವಕೀಲರೊಬ್ಬರ ಹೆಂಡತಿ. ಪರದೆಯ ಹಿಂದಿನ ಹೆಂಗಸರು ಹೆರಿಗೆಯಲ್ಲಿ ವೈದ್ಯರಿಲ್ಲದೆ ಸಾಯುವುದನ್ನು ಕೇಳಿ ಕೇಳಿ ಓದಲು ಹೊರಟವರು. ಅದೇ ಕಾಲೇಜಿನಿಂದ 1912ರಲ್ಲಿ ಡಾಕ್ಟರಾಗಿ ಹೊರಬಂದವರು ಮುತ್ತುಲಕ್ಷ್ಮಿ ರೆಡ್ಡಿ. ದೇವದಾಸಿ ಬಿಡುವುದನ್ನು ನಿಷೇಧಿಸಲು ಅವರು ಹೋರಾಡಿ ತಂದ ಮದ್ರಾಸಿನ ಕಾನೂನು 1947ರಲ್ಲಿ ಆಯಿತು. ಮದ್ರಾಸಿನವರಾಗಿದ್ದ ನಮಗೂ ಅದು ಅನ್ವಯಿಸಿತು. ಅನ್ವಯಿಸಿ ಆದದ್ದೇನು ಎಂದು ಕೇಳಬೇಡಿ. 1982ರಲ್ಲಿ ಕರ್ನಾಟಕ ಮತ್ತೊಂದು ಕಾನೂನು ಮಾಡಬೇಕಾಯಿತು. ಮಾತಿನ ವಿಷಯ ಬರೆಯುವಾಗ ಇದನ್ನು ಯಾಕೆ ಎತ್ತಿದೆ ಎಂದರೆ, ನಮ್ಮ ತಾಲ್ಲೂಕುಗಳಲ್ಲಿ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳು ಆಸ್ಪತ್ರೆಯ ಚೀಟಿ ಮಾಡಿಸುವ ಕಿಟಕಿಯಲ್ಲೇ ತಡವರಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೆಸರು, ವಯಸ್ಸು, ಆಮೇಲೆ "ಗಂಡನ ಹೆಸರು?" ಒಬ್ಬಾಕೆ ಸುಮ್ಮನೆ ತಿರುಗಿ ಹೋದದ್ದನ್ನೂ ನೋಡಿದೆ. ಬಂದ ಕಾಯಿಲೆಯನ್ನು ಯಾರೂ ಕೇಳುವ ಮೊದಲೇ ಅವಳ ಆಸ್ಪತ್ರೆ ಮುಗಿದಿತ್ತು.

ಕನ್ನಡದಲ್ಲಿ, ಹೆಂಗಸರ ಜೊತೆ, ಹೆಂಗಸರ ಮೈಯ ವಿಷಯವನ್ನು ಮುಜುಗರವಿಲ್ಲದೆ ಮಾತನಾಡಿದ ಡಾಕ್ಟರು ನಮಗೆ ಪುಸ್ತಕದಲ್ಲಿ ಸಿಕ್ಕರು. ಅನುಪಮಾ ನಿರಂಜನ ಅವರ 'ತಾಯಿ-ಮಗು', 'ದಾಂಪತ್ಯ ದೀಪಿಕೆ', 'ಕೇಳು ಕಿಶೋರಿ' ಇವುಗಳನ್ನು ಮದುವೆಯಾಗುವ ಹುಡುಗಿಯರಿಗೆ ಅಕ್ಕಂದಿರು ಟ್ರಂಕಿನಲ್ಲಿ ಸೀರೆಯ ಕೆಳಗೆ ಇಟ್ಟು ಕಳಿಸುತ್ತಿದ್ದ ಕಾಲವೊಂದಿತ್ತು. ನನಗೂ ಹಾಗೆಯೇ ಬಂತು. 1934ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದ ಅವರು 1991ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ತಾವೇ ರೋಗಿಯಾದಾಗ ಆ ಅನುಭವವನ್ನೂ ಬರೆದರು. ಆದರೆ ಪುಸ್ತಕ ಓದಬಲ್ಲವರಿಗೆ. ನಮ್ಮ ಚಿಗವ್ವನಿಗೆ ಓದು ಬರುತ್ತಿರಲಿಲ್ಲ.

ಚಿಗವ್ವ ಎಂದರೆ ಅವ್ವನ ಕೊನೆಯ ತಂಗಿ. ಹನ್ನೆರಡನೆಯ ವಯಸ್ಸಿನಿಂದ ಅವಳಿಗೆ ಮೂರ್ಛೆ ಬರುತ್ತಿತ್ತು. ನಮ್ಮ ಕಡೆ ಅದಕ್ಕೆ ಮಲರೋಗ ಎನ್ನುತ್ತಾರೆ, ಗಟ್ಟಿಯಾಗಿ ಹೇಳುವುದಿಲ್ಲ. ಬಿದ್ದಾಗ ಕೈಯಲ್ಲಿ ಕಬ್ಬಿಣದ ಕೀಲಿಕೈ ಹಿಡಿಸುವುದು, ಈರುಳ್ಳಿ ಜಜ್ಜಿ ಮೂಸಿಸುವುದು, ಯಂತ್ರ ಕಟ್ಟಿಸುವುದು ಎಲ್ಲ ಆಯಿತು. ಮುಚ್ಚಿಟ್ಟು ಮದುವೆಯನ್ನೂ ಮಾಡಿದರು. ಆರು ತಿಂಗಳಿಗೆ ಗೊತ್ತಾಯಿತು, ಎಂಟು ತಿಂಗಳಿಗೆ ಗಂಡನ ಮನೆಯವರು ಕರೆತಂದು ಬಿಟ್ಟು ಹೋದರು. ಅವರನ್ನು ಬೈಯಲು ನನಗೆ ನಾಲಿಗೆ ಏಳುವುದಿಲ್ಲ, ಮೊದಲು ಮುಚ್ಚಿಟ್ಟವರು ನಾವೇ.

ಪಟ್ಟಣದ ಡಾಕ್ಟರೊಬ್ಬರಿಗೆ ತೋರಿಸಿದರು. ಅವರು ಗುಳಿಗೆ ಬರೆದುಕೊಟ್ಟರು. ಗುಳಿಗೆ ಒಳ್ಳೆಯದೇ. ಎರಡು ತಿಂಗಳು ಚಿಗವ್ವ ಒಮ್ಮೆಯೂ ಬೀಳಲಿಲ್ಲ. ಅಜ್ಜಿ ಕೊಟ್ಟೂರೇಶ್ವರನಿಗೆ ಕಾಯಿ ಒಡೆಸಿ, ರೋಗ ವಾಸಿಯಾಯಿತೆಂದು ಗುಳಿಗೆ ನಿಲ್ಲಿಸಿದಳು. ವಾಸಿಯಾದ ಮೇಲೆ ಗುಳಿಗೆ ಯಾಕೆ? ಜ್ವರ ಬಿಟ್ಟ ಮೇಲೆ ಯಾರಾದರೂ ಜ್ವರದ ಗುಳಿಗೆ ನುಂಗುತ್ತಾರೆಯೇ? ಅವಳ ತರ್ಕದಲ್ಲಿ ತಪ್ಪೇನಿತ್ತು ಹೇಳಿ. ಈ ಔಷಧಿಯನ್ನು ಥಟ್ಟನೆ ಬಿಟ್ಟರೆ ಮೂರ್ಛೆ ಮೊದಲಿಗಿಂತ ಜೋರಾಗಿ ಬರುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ನಿಲ್ಲಿಸಿದ ಮೂರನೆಯ ವಾರ ಚಿಗವ್ವ ರೊಟ್ಟಿ ಸುಡುತ್ತಿದ್ದವಳು ಒಲೆಯ ಮೇಲೇ ಬಿದ್ದಳು. ಎಡಗೈ ಮೊಣಕೈವರೆಗೆ ಸುಟ್ಟಿತು. ಬೆರಳುಗಳಲ್ಲಿ ಎರಡು ಇಂದಿಗೂ ಮಡಿಚಿಕೊಂಡೇ ಇವೆ. "ನಿಂತರೂ ನಿಲ್ಲಿಸಬೇಡಿ" ಎಂಬ ಎರಡು ಪದ ಹೇಳಲು ಎಷ್ಟು ಹೊತ್ತು ಬೇಕು?

ಇನ್ನು ಆ ಅಧ್ಯಾಯಕ್ಕೆ ಬರುತ್ತೇನೆ.

ಮನಸ್ಸಿನ ಕಾಯಿಲೆಗೆ, ಮೂರ್ಛೆಗೆ ಆಗ ನಮ್ಮ ಕಡೆಯವರು ಹೋಗಬೇಕಾದದ್ದು ಧಾರವಾಡಕ್ಕೆ, ಇಲ್ಲವೇ ಬೆಂಗಳೂರಿಗೆ. ಬೆಂಗಳೂರಿನ ಹಳೆಯ ಹುಚ್ಚಾಸ್ಪತ್ರೆ 1925ರಲ್ಲಿ ಮಾನಸಿಕ ಆಸ್ಪತ್ರೆ ಎಂಬ ಹೆಸರು ಪಡೆದು, 1954ರಲ್ಲಿ ಅಖಿಲ ಭಾರತ ಸಂಸ್ಥೆಯೊಂದಕ್ಕೆ ತವರಾಗಿ, 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ಮರುವರ್ಷದಿಂದ ಅಲ್ಲಿಯ ವೈದ್ಯರು ಆನೇಕಲ್ ತಾಲ್ಲೂಕಿನ ಸಕಲವಾರ ಎಂಬ ಹಳ್ಳಿಯಲ್ಲಿ ಕೇಂದ್ರ ಮಾಡಿ, ತಜ್ಞರೇ ಇಲ್ಲದ ಕಡೆ ಸಾಮಾನ್ಯ ವೈದ್ಯರು, ಹಳ್ಳಿಯ ನರ್ಸಮ್ಮಂದಿರು ಈ ಕಾಯಿಲೆಗಳನ್ನು ಗುರುತಿಸಿ ನೋಡಿಕೊಳ್ಳಬಹುದೇ ಎಂದು ಪರೀಕ್ಷಿಸಿದರು. ಚಂಡೀಗಢದ ವೈದ್ಯರು ಹರಿಯಾಣದ ರಾಯ್‌ಪುರ್ ರಾಣಿಯಲ್ಲಿ ಇದನ್ನೇ ಮಾಡುತ್ತಿದ್ದರು. ಅದಕ್ಕೂ ಮೊದಲು, 1950ರ ದಶಕದಲ್ಲಿ, ಅಮೃತಸರದ ಡಾಕ್ಟರ್ ವಿದ್ಯಾಸಾಗರ್ ತಮ್ಮ ಮಾನಸಿಕ ಆಸ್ಪತ್ರೆಯ ಅಂಗಳದಲ್ಲಿ ಡೇರೆ ಹಾಕಿಸಿ ರೋಗಿಯ ಜೊತೆ ಮನೆಯವರನ್ನೂ ಇರಿಸಿಕೊಂಡು, ಎಲ್ಲರನ್ನೂ ಕೂರಿಸಿಕೊಂಡು ಮಾತನಾಡುತ್ತಿದ್ದರಂತೆ. ಬಾಗಿಲಿಗೆ ಬೀಗ ಹಾಕುತ್ತಿದ್ದ ಕಾಲದಲ್ಲಿ ಇದು ದೊಡ್ಡ ಮಾತು.

1982ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಒಪ್ಪಿತು. ಕಾಗದದ ಮೇಲೆ ಒಪ್ಪುವುದು ಸುಲಭ. ಒಂದು ಇಡೀ ಜಿಲ್ಲೆಯಲ್ಲಿ ಮಾಡಿ ನೋಡಬೇಕಲ್ಲ? ಅದಕ್ಕೆ ಆರಿಸಿಕೊಂಡದ್ದು ನಮ್ಮ ಬಳ್ಳಾರಿಯನ್ನು, 1985ರಲ್ಲಿ. ಸುಮಾರು ಹದಿನೈದು ಲಕ್ಷ ಜನ, ಎಂಟು ತಾಲ್ಲೂಕು, ಬಹುಪಾಲು ಬಯಲುಸೀಮೆ. ನಿಮ್ಹಾನ್ಸಿನ ಆರ್. ಶ್ರೀನಿವಾಸಮೂರ್ತಿ, ಮೋಹನ್ ಐಸಾಕ್, ಸಿ.ಆರ್. ಚಂದ್ರಶೇಖರ್ ಮೊದಲಾದವರು ಈ ಕೆಲಸದಲ್ಲಿದ್ದವರು. ಚಂದ್ರಶೇಖರ್ ಅವರ ಕನ್ನಡ ಪುಸ್ತಕಗಳನ್ನು ನೀವು ಓದಿರುತ್ತೀರಿ. ಶ್ರೀನಿವಾಸಮೂರ್ತಿಯವರು ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ 2001ರ ವರದಿಯ ಪ್ರಧಾನ ಸಂಪಾದಕರಾದರು. ಆ ವರ್ಷದ ವರದಿ ಪೂರ್ತಿ ಮಾನಸಿಕ ಆರೋಗ್ಯದ ಬಗ್ಗೆಯೇ ಇತ್ತು.

ಮಾಡಿದ್ದು ದೊಡ್ಡ ಕಟ್ಟಡ ಕಟ್ಟುವ ಕೆಲಸವಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಹಳ್ಳಿ ತಿರುಗುವ ಆರೋಗ್ಯ ಕಾರ್ಯಕರ್ತರಿಗೆ ಕಡಿಮೆ ಅವಧಿಯ ತರಬೇತಿ ಕೊಟ್ಟರು. ಅವರಿಗೆಂದೇ ಕೈಪಿಡಿಗಳನ್ನು ಬರೆದರು. ಐದಾರು ಔಷಧಿಗಳನ್ನು ಮಾತ್ರ ಆರಿಸಿ ಕೇಂದ್ರಗಳಲ್ಲಿ ಸಿಗುವಂತೆ ಮಾಡಿದರು. ಮೂರ್ಛೆಗೆ ಕೊಡುತ್ತಿದ್ದ ಫಿನೋಬಾರ್ಬಿಟೋನ್ 1912ರಿಂದಲೂ ಬಳಕೆಯಲ್ಲಿದ್ದ ಅಗ್ಗದ ಗುಳಿಗೆ, ಹೊಸದೇನಲ್ಲ. ಜಿಲ್ಲಾ ತಂಡದ ಮನೋವೈದ್ಯರು ಆಗಾಗ ಕೇಂದ್ರಗಳಿಗೆ ಬಂದು ಕಷ್ಟದ ರೋಗಿಗಳನ್ನು ನೋಡಿ, ಅಲ್ಲಿಯ ಡಾಕ್ಟರಿಗೆ ಹೇಳಿಕೊಡುತ್ತಿದ್ದರು. ನನಗೆ ಕಂಡಂತೆ ನಿಜವಾಗಿ ಹೊಸದು ಒಂದೇ: ಕೇಳುವುದನ್ನು ಕಲಿಸಿದ್ದು. ಮೈ ಪರೀಕ್ಷಿಸಿದರೆ ಏನೂ ಸಿಗದ ಕಾಯಿಲೆಗಳಿವು. ರಕ್ತ ಪರೀಕ್ಷೆಯಿಂದ ತಿಳಿಯುವುದಿಲ್ಲ, ಕೊಳವೆ ಇಟ್ಟರೆ ಕೇಳಿಸುವುದಿಲ್ಲ. ನಿದ್ದೆ ಹೇಗೆ ಬರುತ್ತದೆ, ಊಟ ರುಚಿಸುತ್ತದೆಯೇ, ಬೇಸರವಿದೆಯೇ, ಬದುಕು ಸಾಕೆನ್ನಿಸಿದೆಯೇ ಎಂದು ಬಾಯಿಬಿಟ್ಟು ಕೇಳಬೇಕು, ಆಮೇಲೆ ಬಾಯಿ ಮುಚ್ಚಿ ಕೂರಬೇಕು. ವಾಗ್ಭಟ ಹೇಳಿದ ದರ್ಶನ, ಸ್ಪರ್ಶನ, ಪ್ರಶ್ನ ಎಂಬ ಮೂರರಲ್ಲಿ ನಮ್ಮ ಆಸ್ಪತ್ರೆಗಳು ಮೊದಲೆರಡನ್ನು ಹೇಗೋ ಉಳಿಸಿಕೊಂಡಿದ್ದವು. ಮೂರನೆಯದು ಸರ್ಕಾರಿ ತರಬೇತಿಯ ಮೂಲಕ ನಮ್ಮ ಹಳ್ಳಿಗಳಿಗೆ ವಾಪಸು ಬಂತು.

ನಮ್ಮ ಅಜ್ಜಿಯ ಮನೆಗೆ ಅದು ಒಬ್ಬ ನರ್ಸಮ್ಮನ ರೂಪದಲ್ಲಿ ಬಂತು. ಕೂಸಿಗೆ ಲಸಿಕೆ ಹಾಕಲು ಓಣಿಗೆ ಬಂದಿದ್ದವಳು, ನೀರು ಕುಡಿದು ಚೊಂಬು ಕೊಡುತ್ತ, "ನಿಮ್ಮ ಮನಿಯಾಗ ಮೂರ್ಛೆ ಬರೋರು, ಒಬ್ಬೊಬ್ರ ಮಾತಾಡಿಕೊಳ್ಳೋರು ಯಾರಾದ್ರೂ ಅದಾರೇನವ್ವಾ?" ಎಂದು ಕೇಳಿದಳು. ಅಜ್ಜಿ ಇಲ್ಲವೆಂದಳು. ನರ್ಸಮ್ಮನ ಕಣ್ಣು ಚಿಗವ್ವನ ಸುಟ್ಟ ಕೈ ಮೇಲೆ ನಿಂತಿತ್ತು. ಮುಂದಿನ ವಾರ ಮತ್ತೆ ಬಂದಳು, ಮತ್ತೆ ನೀರು ಕೇಳಿದಳು. ಮೂರನೆಯ ಸಲ ಅಜ್ಜಿಯೇ ಹೇಳಿದಳು. ಈ ಕಾರ್ಯಕ್ರಮದ ಬಗ್ಗೆ ಬರೆದವರು ಸಂಸ್ಥೆಯನ್ನು ಹೊಗಳುತ್ತಾರೆ, ಹೊಗಳಲಿ. ನನ್ನ ಲೆಕ್ಕದಲ್ಲಿ ಮೊದಲ ಹೂವು ಬಿಸಿಲಲ್ಲಿ ಮೂರು ಸಲ ನೀರು ಕೇಳಿದ ಆ ಹೆಂಗಸಿಗೆ ಸಲ್ಲಬೇಕು.

ಆರೋಗ್ಯ ಕೇಂದ್ರಕ್ಕೆ ಹೋದಾಗ ಜೊತೆಗೆ ನಾನೂ ಇದ್ದೆ, ಕಾಲೇಜಿನ ರಜೆ. ಡಾಕ್ಟರು ಮೈಸೂರು ಕಡೆಯ ಹುಡುಗ. "ಫಿಟ್ಸ್ ಬಂದಾಗ ಕಣ್ಣಾರೆ ನೋಡಿದೋರು ಯಾರು?" ಎಂದರು. ಮೂರ್ಛೆ ಬಂದವಳಿಗೆ ತನಗೇನಾಯಿತು ಎಂದು ಗೊತ್ತಿರುವುದಿಲ್ಲ, ನೋಡಿದವರ ಬಾಯಿಂದಲೇ ಡಾಕ್ಟರು ಅದನ್ನು ಕಾಣಬೇಕು ಎಂಬುದು ಆಗ ನನಗೆ ತಿಳಿಯಿತು. "ನಾ ನೋಡೀನಪ್ಪಾ" ಎಂದಳು ಅಜ್ಜಿ. "ಹೇಳಿ ಅಜ್ಜಿ, ಮೊದಲಿಂದ ಹೇಳಿ." ಅಜ್ಜಿಗೆ ಜೀವನದಲ್ಲಿ ಯಾವ ದೊಡ್ಡ ಮನುಷ್ಯನೂ ಹೀಗೆ ಹೇಳಿರಲಿಲ್ಲ. ಕಣ್ಣು ಯಾವ ಕಡೆ ತಿರುಗುತ್ತದೆ, ಕೈ ಯಾವುದು ಮೊದಲು ಅದುರುತ್ತದೆ, ನಾಲಿಗೆ ಕಚ್ಚಿಕೊಳ್ಳುತ್ತಾಳೆಯೇ, ಎದ್ದ ಮೇಲೆ ಎಷ್ಟು ಹೊತ್ತು ಮಂಕಾಗಿರುತ್ತಾಳೆ, ಎಲ್ಲವನ್ನೂ ಆಕೆ ನಾಟಕದಲ್ಲಿ ಮಾಡಿ ತೋರಿಸುವಂತೆ ಹೇಳಿದಳು. ಡಾಕ್ಟರು ಬರೆದುಕೊಂಡರು. ಆಮೇಲೆ ತಾವು ಹೇಳಿದರು: ದಿನಾ ರಾತ್ರಿ ಗುಳಿಗೆ, ಒಂದು ದಿನವೂ ತಪ್ಪಿಸಬಾರದು, ನಿಂತಿತೆಂದು ನಿಲ್ಲಿಸಬಾರದು, ನಿಲ್ಲಿಸುವ ದಿನವನ್ನು ನಾವು ಹೇಳುತ್ತೇವೆ, ಅದು ಕೆಲವು ವರ್ಷಗಳ ಮಾತು. ಬಿದ್ದಾಗ ಬಾಯಿಗೆ ಏನೂ ತುರುಕಬೇಡಿ, ಪಕ್ಕಕ್ಕೆ ಹೊರಳಿಸಿ. ಒಲೆ ಹತ್ತಿರ, ಬಾವಿ ಹತ್ತಿರ ಒಬ್ಬಳನ್ನೇ ಬಿಡಬೇಡಿ. ಇಷ್ಟು ಹೇಳಿ ಒಂದು ವಿಚಿತ್ರ ಮಾಡಿದರು. "ಈಗ ನೀವು ನನಗೆ ಹೇಳಿ ಅಜ್ಜಿ, ಗುಳಿಗೆ ಹೆಂಗೆ ಕೊಡ್ತೀರಿ?" ಎಂದರು. ಅಜ್ಜಿ ಒಂದು ಗಳಿಗೆ ಯೋಚಿಸಿ, "ದೇವರ ಮುಂದ ದೀಪ ಹಚ್ಚಿದ ಮ್ಯಾಲೆ ಒಂದು. ದೀಪ ತಪ್ಪಿದ್ರ ಗುಳಿಗಿ ತಪ್ತೈತಿ" ಎಂದಳು. ಅಜ್ಜಿಯ ಮನೆಯಲ್ಲಿ ದೀಪ ತಪ್ಪಿದ್ದನ್ನು ನಾನು ಕಂಡಿಲ್ಲ.

ಐದು ವರ್ಷದ ಆ ಪ್ರಯೋಗ 1990ರವರೆಗೆ ನಡೆಯಿತು. 'ಬಳ್ಳಾರಿ ಮಾದರಿ' ಎಂದು ಹೆಸರಾಯಿತು. 1996ರಲ್ಲಿ ಕೇಂದ್ರ ಸರ್ಕಾರ ಅದನ್ನೇ ಆಧರಿಸಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆಂಧ್ರ, ಅಸ್ಸಾಂ, ರಾಜಸ್ಥಾನ, ತಮಿಳುನಾಡುಗಳ ನಾಲ್ಕು ಜಿಲ್ಲೆಗಳಲ್ಲಿ ಆರಂಭಿಸಿ ಮುಂದೆ ದೇಶದ ಉದ್ದಗಲಕ್ಕೆ ಹರಡಿತು. ಹರಡುವಾಗ ಗುಳಿಗೆ ಹೋದಷ್ಟು ಸಲೀಸಾಗಿ ಮಾತು ಹೋಯಿತೇ ಎಂಬ ಅನುಮಾನ ನನ್ನದು. ನಮ್ಮಲ್ಲೇ ನೋಡಿ, ಆ ಮೈಸೂರು ಕಡೆಯ ಡಾಕ್ಟರಿಗೆ ವರ್ಗವಾಯಿತು. ಅವರ ಹಿಂದೆ ಬಂದವರು ಚಿಗವ್ವನ ಹಳೆಯ ಚೀಟಿ ನೋಡಿ ಅದನ್ನೇ ನಕಲು ಮಾಡಿಕೊಟ್ಟರು, ತಲೆ ಎತ್ತಿ ನೋಡಲಿಲ್ಲ. ಕೆಲವು ತಿಂಗಳು ಗುಳಿಗೆಯೇ ಬರಲಿಲ್ಲ, ಅಂಗಡಿಯಲ್ಲಿ ಕೊಂಡೆವು. ಅಜ್ಜಿ ಮಾತ್ರ ದೀಪದ ಲೆಕ್ಕ ಬಿಡಲಿಲ್ಲ.

ಗುಳಿಗೆ ತಪ್ಪದಿದ್ದರೂ ಮೂರ್ಛೆ ಪೂರ್ತಿ ನಿಲ್ಲಲಿಲ್ಲ, ತಿಂಗಳಿಗೆ ನಾಲ್ಕಿದ್ದದ್ದು ವರ್ಷಕ್ಕೆ ನಾಲ್ಕಾಯಿತು. ಹೀಗೆ ಹತ್ತು ವರ್ಷ ಕಳೆದ ಮೇಲೆ ತಾಲ್ಲೂಕಿನ ಆಸ್ಪತ್ರೆಗೆ ಒಬ್ಬ ಡಾಕ್ಟ್ರಮ್ಮ ಬಂದರು. ಅಜ್ಜಿ ಎಂದಿನಂತೆ ಶುರು ಮಾಡಿದಳು. ಡಾಕ್ಟ್ರಮ್ಮ ಕೈ ತೋರಿಸಿ ನಿಲ್ಲಿಸಿ, ಚಿಗವ್ವನ ಕಡೆ ತಿರುಗಿದರು. "ಬೀಳೋ ಮುಂಚೆ ನಿನಗೆ ಏನಾದ್ರೂ ಗೊತ್ತಾಗುತ್ತಾ ತಾಯಿ?"

"ಗೊತ್ತಾಗತೈತ್ರಿ. ಬೆಲ್ಲ ಸುಟ್ಟ ವಾಸನಿ ಬರತೈತಿ."

ನಾವೆಲ್ಲ ಅವಳ ಮುಖ ನೋಡಿದೆವು. ಹನ್ನೆರಡನೆಯ ವಯಸ್ಸಿನಿಂದ ಪ್ರತಿ ಸಲವೂ ಬರುತ್ತಿತ್ತಂತೆ. ಅಜ್ಜಿಗೆ ಸಿಟ್ಟೇ ಬಂತು, ಇಷ್ಟು ವರ್ಷ ಯಾಕೆ ಬಾಯಿಬಿಡಲಿಲ್ಲ ಎಂದಳು. "ನನ್ನ ಯಾರು ಕೇಳಿದ್ರು? ನೋಡಿದೋರ್ನ ಕೇಳಿದ್ರು" ಎಂದಳು ಚಿಗವ್ವ. ನಿಜ. ನಾನು ಇಷ್ಟು ಹೊತ್ತು ಹೊಗಳಿದ ಆ ಹುಡುಗ ಡಾಕ್ಟರೂ ಅವಳನ್ನು ಕೇಳಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ನಾನೂ ಕೇಳಿರಲಿಲ್ಲ, ನಾನು ಅವಳ ಜೊತೆ ಒಂದೇ ಕೌದಿಯಲ್ಲಿ ಮಲಗಿ ಬೆಳೆದವಳು.

ಇಲ್ಲದ ವಾಸನೆ ಬರುವುದು ಮೂರ್ಛೆ ಮಿದುಳಿನ ಒಂದು ಮೂಲೆಯಲ್ಲಿ ಆರಂಭವಾಗುತ್ತಿದೆ ಎಂಬುದರ ಸುಳಿವು ಎಂದು ಡಾಕ್ಟ್ರಮ್ಮ ವಿವರಿಸಿದರು. ಮಿದುಳಿನ ವಿದ್ಯುತ್ತನ್ನು ಅಳೆಯುವ ಯಂತ್ರದ ಸುದ್ದಿಯನ್ನು ಜರ್ಮನಿಯ ಹ್ಯಾನ್ಸ್ ಬರ್ಗರ್ ಪ್ರಕಟಿಸಿದ್ದು 1929ರಲ್ಲಿ. ಅದಕ್ಕೂ ಮೂವತ್ತು ವರ್ಷ ಮೊದಲೇ ಲಂಡನ್ನಿನ ಹ್ಯೂಲಿಂಗ್ಸ್ ಜಾಕ್ಸನ್ ಎಂಬ ವೈದ್ಯ ಇಂಥ ವಾಸನೆಗಳ ಬಗ್ಗೆ ಬರೆದಿದ್ದನೆಂದು ನಾನು ಆಮೇಲೆ ಓದಿದೆ. ಅವನ ಬಳಿ ಆ ಯಂತ್ರ ಇರಲಿಲ್ಲ, ರೋಗಿಗಳನ್ನು ಕೇಳಿ ಕೇಳಿ ಬರೆದುಕೊಂಡಿದ್ದ. ಡಾಕ್ಟ್ರಮ್ಮ ಚಿಗವ್ವನ ಗುಳಿಗೆಯನ್ನು ನಿಧಾನವಾಗಿ ಬದಲಿಸಿದರು. ಅದಕ್ಕಿಂತ ಮುಖ್ಯವಾಗಿ, "ಆ ವಾಸನೆ ಬಂದ ತಕ್ಷಣ ಒಲೆ ಬಿಟ್ಟು ಎದ್ದು ಬಂದು ನೆಲದ ಮೇಲೆ ಮಲಗಿಬಿಡು" ಎಂದರು. ಆಮೇಲೆ ಅವಳ ಮೈ ಸುಟ್ಟಿಲ್ಲ.

2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ರೋಗಿಗೆ ತನ್ನ ಕಾಯಿಲೆ ಏನು, ಚಿಕಿತ್ಸೆ ಏನು ಎಂದು ತನಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಯುವ ಹಕ್ಕಿದೆ ಎಂದು ಬರೆದಿದ್ದಾರೆ. ಓದಿ ಚಿಗವ್ವನಿಗೆ ಹೇಳಿದೆ. "ಹೇಳೋದು ಬರದಾರ. ಕೇಳೋದು?" ಎಂದಳು.

ಈಗ ಅವಳು ನನ್ನ ಮನೆಯಲ್ಲೇ ಇರುತ್ತಾಳೆ. ಮೂರ್ಛೆ ಬಂದು ಒಂಬತ್ತು ವರ್ಷವಾಯಿತು. ಹೋದ ಯುಗಾದಿಗೆ ನಾನು ಹೂರಣಕ್ಕೆ ಬೇಳೆ ಬೆಲ್ಲ ಒಲೆಯ ಮೇಲಿಟ್ಟು ಹಿತ್ತಲಲ್ಲಿ ಬೇವಿನ ಸೊಪ್ಪು ತರಲು ಹೋಗಿದ್ದೆ. ಬರುವಷ್ಟರಲ್ಲಿ ಚಿಗವ್ವ ಪಡಸಾಲೆಯ ನೆಲದ ಮೇಲೆ ಕಣ್ಣು ಮುಚ್ಚಿ, ಕೈಕಾಲು ಚಾಚಿ ಮಲಗಿದ್ದಳು. ಎದೆ ಧಸಕ್ಕೆಂದಿತು. ಓಡಿಹೋಗಿ ಪಕ್ಕದಲ್ಲಿ ಕೂತೆ. ಒಂದು ಕಣ್ಣು ತೆರೆದು, "ವಾಸನಿ ಬಂತು, ಅದಕ್ಕ ಮಲಗೀನಿ. ಇನ್ನಾ ಏನೂ ಬರವಲ್ದು" ಎಂದಳು. ಆಗ ನನಗೂ ವಾಸನೆ ಬಂತು. ಒಳಗೆ ಹೋಗಿ ನೋಡಿದರೆ ಹೂರಣ ತಳ ಹತ್ತಿ ಕರ್ರಗಾಗಿತ್ತು. ಪಾತ್ರೆ ಉಜ್ಜಿ ತೆಗೆಯಲು ನನಗೆ ಎರಡು ದಿನ ಹಿಡಿಯಿತು.